ದಿವಾನ ಕಲಿತಿದ್ದ ಮಾತು

ಲಕ್ಷ್ಮೀಪುರಂ, ಮೈಸೂರು
3 ಜೂನ್ 2024

ನೆರಳು ಪ್ರಾಣಿಧಾಮದಲ್ಲಿ ಹಕ್ಕಿಗಳನ್ನು ನೋಡಿಕೊಳ್ಳುವವರಿಗೆ,

ನಿಮ್ಮ ಹೆಸರು ಗೊತ್ತಿಲ್ಲ, ಕ್ಷಮಿಸಿ. ಹೋದ ಗುರುವಾರ ಅರಣ್ಯ ಇಲಾಖೆಯ ಜೀಪಿನಲ್ಲಿ ನಿಮ್ಮಲ್ಲಿಗೆ ಬಂದ ಮಟಪಕ್ಷಿ ನನ್ನದು. ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವಂತಿಲ್ಲ, ಅದು ಕಾನೂನು ಎಂದು ಹೇಳಿ ಒಯ್ದರು. ಎರಡು ವರ್ಷದ ಹಿಂದೆ ನಮ್ಮ ಬೀದಿಯ ಮರ ಕಡಿದಾಗ ಇದೇ ಹಕ್ಕಿ ರೆಕ್ಕೆ ಮುರಿದುಕೊಂಡು ಚರಂಡಿಯಲ್ಲಿ ಬಿದ್ದಿತ್ತು. ಆಗ ಎತ್ತಿಕೊಳ್ಳಲು ಯಾವ ಕಾನೂನೂ ಬರಲಿಲ್ಲ. ಇರಲಿ.

ಅವನ ಹೆಸರು ದಿವಾನ. ಕಪ್ಪು ತಲೆ, ಕೆಂಗಂದು ಮೈ, ಕೋಟಿನ ಹಾಗೆ ಇಳಿಬಿದ್ದ ಉದ್ದ ಬಾಲ. ಕುಪ್ಪಳಿಸುವಾಗಲೂ ಬಾಲ ನೆಲಕ್ಕೆ ತಾಗದಂತೆ ನೋಡಿಕೊಳ್ಳುತ್ತಾನೆ. ಆ ಗತ್ತು ಕಂಡರೆ ನೀವೂ ಬೇರೆ ಹೆಸರಿಡುತ್ತಿರಲಿಲ್ಲ. ಬೇಯಿಸಿದ ಮೊಟ್ಟೆ, ಪರಂಗಿ ಹಣ್ಣು, ಕಡಲೆಕಾಯಿ ಬೀಜ, ಸಿಕ್ಕಿದರೆ ಹಲ್ಲಿ, ಎಲ್ಲವನ್ನೂ ತಿನ್ನುತ್ತಾನೆ. ತಟ್ಟೆಯಿಂದ ತಿನ್ನುವುದೆಂದರೆ ಅವನಿಗೆ ಅವಮಾನ, ನಿಮ್ಮ ಜೇಬಿನಿಂದ ಕದ್ದದ್ದಾದರೆ ರುಚಿ. ಅರ್ಧ ತಿಂದು ಅರ್ಧ ಬಚ್ಚಿಡುತ್ತಾನೆ. ಬಚ್ಚಿಟ್ಟದ್ದನ್ನು ಗುಡಿಸಿ ಹಾಕಬೇಡಿ, ಎರಡು ದಿನ ಮುಖ ಊದಿಸಿಕೊಂಡು ಕೂರುತ್ತಾನೆ. ಕೊಡೆ ಕಂಡರೆ ಆಗದು. ನಾನು ಸೀರೆಗಳಿಗೆ ಕುಚ್ಚು ಕಟ್ಟಿಕೊಡುವವಳು. ಸೀರೆಯ ಕಡೆ ಜಾಸ್ತಿ ಗಮನ ಕೊಟ್ಟರೆ ರೇಷ್ಮೆ ಎಳೆಗಳನ್ನು ಕಿತ್ತು ಫ್ಯಾನಿನ ಮೇಲೆ ನೇತುಹಾಕುತ್ತಿದ್ದ.

ಅವನನ್ನು ವಾಪಸ್ಸು ಪಡೆಯಲು ಯಾರಿಗೆ ಅರ್ಜಿ ಕೊಡಬೇಕು, ತಿಳಿಸಿ. ಫೋನು ಮಾಡಬೇಡಿ. ನನಗೆ ಫೋನಿನಲ್ಲಿ ಮಾತಾಡಿ ಅಭ್ಯಾಸವಿಲ್ಲ. ಪತ್ರ ಬರೆಯಿರಿ.

ಇಂತಿ,
ಇಂದ್ರಮ್ಮ


ನೆರಳು ಪ್ರಾಣಿಧಾಮ, ಬೆಟ್ಟದ ಹಿಂಭಾಗ
15 ಜೂನ್ 2024

ಇಂದ್ರಮ್ಮನವರಿಗೆ ಮಂಟಯ್ಯ ಮಾಡುವ ನಮಸ್ಕಾರ.

ಹಕ್ಕಿ ಬಂದ ದಿನವೇ ನಿಮಗೆ ಎರಡು ಸಲ ಫೋನು ಮಾಡಿದ್ದೆ. ಎರಡು ಸಲವೂ ಎತ್ತಿ, "ಹೂಂ, ಆಯ್ತು, ಇಡ್ತೀನಿ" ಎಂದು ಇಟ್ಟುಬಿಟ್ಟಿರಿ. ನಾನು ಇನ್ನೂ ನಮಸ್ಕಾರವನ್ನೇ ಹೇಳಿರಲಿಲ್ಲ. ಇಷ್ಟು ಅವಸರದವರು ಇಷ್ಟು ಉದ್ದದ ಪತ್ರ ಬರೆದದ್ದು ನೋಡಿ ಆಶ್ಚರ್ಯವಾಯಿತು.

ನಾನು ಮೊದಲು ಅರಮನೆ ಹತ್ತಿರ ಜಟಕಾ ಓಡಿಸುತ್ತಿದ್ದವನು. ನನ್ನ ಕುದುರೆ ರಾಣಿಗೆ ವಯಸ್ಸಾಗಿ ಕಣ್ಣು ಹೋದಾಗ ಅವಳನ್ನು ಇಲ್ಲಿಗೆ ಬಿಡಲು ಬಂದೆ. ಬಿಟ್ಟು ಹೋಗಲು ಮನಸ್ಸಾಗದೆ ನಾನೂ ಇಲ್ಲೇ ಕೆಲಸಕ್ಕೆ ಸೇರಿಕೊಂಡೆ. ಆರು ವರ್ಷವಾಯಿತು. ಹಾಗಾಗಿ ನಿಮ್ಮ ಸಂಕಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ.

ದಿವಾನ ಮೊದಲ ನಾಲ್ಕು ದಿನ ಏನೂ ಮುಟ್ಟಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ಮೊಟ್ಟೆಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಜೇಬೂ ಹರಿಯಿತು, ಮೊಟ್ಟೆಯೂ ಹೋಯಿತು. ಈಗ ನನ್ನನ್ನು ಕಂಡರೆ ಚಪ್ಪಲಿಯ ಮೇಲೆ ಬಂದು ಕೂರುತ್ತಾನೆ.

ವಾಪಸ್ಸು ಕೊಡುವ ವಿಷಯ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮನೆಗೆ ಕೊಡುವುದಿಲ್ಲ. ಡಾಕ್ಟರ್ ವಾಣಿಯವರು ರೆಕ್ಕೆ ನೋಡಿದರು. ಮೂಳೆ ಕೂಡಿಕೊಂಡಿದೆ, ಹಾರಿಸಿ ಹಾರಿಸಿ ಬಲ ಬರಿಸಬೇಕಂತೆ. ಚೆನ್ನಾಗಿ ಹಾರಿದರೆ ಹೊರಗೆ ಬಿಡುತ್ತಾರೆ. ಇಲ್ಲದಿದ್ದರೆ ಇಲ್ಲೇ ಇರುತ್ತಾನೆ.

ಇಂತಿ ನಿಮ್ಮ,
ಮಂಟಯ್ಯ


ಲಕ್ಷ್ಮೀಪುರಂ
1 ಜುಲೈ 2024

ಮಂಟಯ್ಯನವರೇ,

ಬೇಸರ ಮಾಡಿಕೊಳ್ಳಬೇಡಿ ಎಂದಿರಿ. ಮಾಡಿಕೊಂಡಿದ್ದೇನೆ. ಎರಡು ವಾರ ಸಿಟ್ಟಿನಲ್ಲಿ ಪತ್ರವನ್ನೇ ಬರೆಯಲಿಲ್ಲ. ನೀವು ಕುದುರೆಯ ಹಿಂದೆ ಹೋದಿರಿ, ನಿಮ್ಮನ್ನು ಸೇರಿಸಿಕೊಂಡರು. ನಾನು ಹಕ್ಕಿಯ ಹಿಂದೆ ಬರುತ್ತೇನೆಂದರೆ ಸೇರಿಸಿಕೊಳ್ಳುತ್ತಾರೆಯೇ?

ನಿಮಗೆ ಒಂದು ಮಾತು ಹೇಳಬೇಕು. ನಾನು ಮದುವೆಯಾದವಳಲ್ಲ. ಮೂವತ್ತು ವರ್ಷ ಮಗ್ಗದ ಕಾರ್ಖಾನೆಯಲ್ಲಿ ದುಡಿದೆ. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಬೆಳೆಸಿ, ಮದುವೆ ಮಾಡಿಕೊಟ್ಟೆ. ಅವಳು ಹೂಟಗಳ್ಳಿಯಲ್ಲಿದ್ದಾಳೆ. ಇದ್ದೂ ಇಲ್ಲ. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಅವಳ ಮಗಳು ಸಿಂಚನಳ ಮದುವೆ. ಧಾರೆಯ ಸೀರೆ ದೊಡ್ಡಮ್ಮನದೇ ಆಗಬೇಕೆಂದು ಆ ಮಗು ಹಟ ಹಿಡಿದಿತ್ತು. ಕುಚ್ಚು ಕಟ್ಟಿ, ಮಡಿಸಿ, ಬೆಳಿಗ್ಗೆ ಆರಕ್ಕೇ ಛತ್ರಕ್ಕೆ ಹೋದರೆ ಬಾಗಿಲಿಗೆ ಬೀಗ. ಮದುವೆ ಬೇರೆ ಛತ್ರದಲ್ಲಿ ನಡೆಯುತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. ಸೀರೆ ತೊಡೆಯ ಮೇಲಿಟ್ಟುಕೊಂಡು ಹತ್ತು ಗಂಟೆಯವರೆಗೆ ಆ ಮೆಟ್ಟಿಲ ಮೇಲೆ ಕೂತಿದ್ದು ಎದ್ದು ಬಂದೆ. ಸಂಜೆ ತಂಗಿ ಬಂದು, ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದೆ ಎಂದು ಕೂಗಾಡಿದಳು. ಬೇಕೆಂದೇ ಹೇಳದೆ ಬಿಟ್ಟವಳು ನೀನು ಎಂದು ನಾನೂ ಅಂದೆ. ಹೊಸ್ತಿಲು ದಾಟಿ ಹೋದವಳು ಮತ್ತೆ ಬರಲಿಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನಕ್ಕೂ ಬರಲಿಲ್ಲ. ಹೋದ ವರ್ಷವೂ ಇಲ್ಲ.

ಆ ಮೇ ತಿಂಗಳಲ್ಲಿ ದಿವಾನ ಸಿಕ್ಕಿದ. ಆಮೇಲೆ ಮನೆಯಲ್ಲಿ ನನ್ನ ಜೊತೆ ಇದ್ದವನು ಅವನೊಬ್ಬನೇ. ಅದಕ್ಕೇ ಕೇಳುತ್ತಿದ್ದೇನೆ.

ಇಂದ್ರಮ್ಮ


ನೆರಳು ಪ್ರಾಣಿಧಾಮ
10 ಆಗಸ್ಟ್ 2024

ಇಂದ್ರಮ್ಮನವರೇ,

ಡಾಕ್ಟರಮ್ಮನಿಗೆ ನಿಮ್ಮ ಪತ್ರ ಓದಿ ಹೇಳಿದೆ. ಇಸಿದುಕೊಂಡು ಅವರೂ ಇನ್ನೊಂದು ಸಲ ಓದಿದರು. ಆದರೆ ಕಾನೂನು ಬದಲಾಗಲಿಲ್ಲ. ಬೇರೆ ಏನೂ ಕೊಡಲು ಆಗದ್ದರಿಂದ ಅವನ ಸುದ್ದಿ ಕೊಡುತ್ತೇನೆ.

ಈಗ ಗಿಡದಿಂದ ಚಾವಣಿಗೆ ಹಾರುತ್ತಾನೆ. ಹಗಲೆಲ್ಲ ರಾಣಿಯ ಬೆನ್ನ ಮೇಲೆ ಕೂತು ಉಣ್ಣಿ ಹುಳ ಹೆಕ್ಕಿ ತಿನ್ನುತ್ತಾನೆ. ಅವಳಿಗೂ ಅದು ಹಿತ. ಕಡಲೆಕಾಯಿ ಬೀಜಗಳನ್ನು ಅವಳ ಕೇಸರದಲ್ಲಿ ಬಚ್ಚಿಡುತ್ತಾನೆ. ಅವಳು ತಲೆ ಕೊಡವಿದರೆ ಬೀಜಗಳು ಉದುರುತ್ತವೆ, ಇವನು ಕಳ್ಳತನವಾಯಿತೆಂದು ಬೊಬ್ಬೆ ಹೊಡೆಯುತ್ತಾನೆ. ಹೋದ ವಾರ ರಾಣಿಗೆ ಹೊಟ್ಟೆ ನೋವು ಬಂದು ಮಲಗಿದ್ದಳು. ಎರಡು ದಿನ ಅವಳ ಪಕ್ಕ ಬಿಟ್ಟು ಕದಲಲಿಲ್ಲ. ತನ್ನ ಮೊಟ್ಟೆಯ ಚೂರನ್ನು ತಂದು ಅವಳ ಮೂತಿಯ ಹತ್ತಿರ ಇಟ್ಟ. ಕುದುರೆ ಮೊಟ್ಟೆ ತಿನ್ನುವುದಿಲ್ಲ ಎಂದು ಅವನಿಗೆ ಯಾರು ಹೇಳಬೇಕು?

ಅಡಿಗೆಯ ಬೀರಮ್ಮನಿಗೂ ಇವನಿಗೂ ಮಾತ್ರ ಆಗದು. ಇವನು ಗೇಟಿನ ಚಿಲಕ ಅಲ್ಲಾಡಿಸಿದ ಸದ್ದನ್ನು ಥೇಟು ಹಾಗೇ ಮಾಡುತ್ತಾನೆ. ಟಣ ಟಣ ಎಂದಾಗಲೆಲ್ಲ ಬೀರಮ್ಮ ಸೌಟು ಬಿಟ್ಟು ಗೇಟಿಗೆ ಓಡುತ್ತಾಳೆ, ಅಲ್ಲಿ ಯಾರೂ ಇರುವುದಿಲ್ಲ. ಈಗ ಅದರ ಜೊತೆ ಮಾತೂ ಶುರುವಾಗಿದೆ. ನೀವು ಅವನು ಮಾತಾಡುತ್ತಾನೆ ಎಂದು ಬರೆದೇ ಇರಲಿಲ್ಲ! ಮೊದಲು ಚಿಲಕದ ಸದ್ದು. ಆಮೇಲೆ ಒಂದು ಹೆಂಗಸಿನ ದನಿ, "ಅಕ್ಕಾ." ಸ್ವಲ್ಪ ತಡೆದು, "ಅಕ್ಕಾ, ನಾನ್ಕಣಕ್ಕಾ." ಮತ್ತೆ ಚಿಲಕ. ಕೊನೆಗೆ ಸಣ್ಣಗೆ, "ಓಗ್ಲಿ ಬುಡು." ಯಾವಾಗಲೂ ಇದೇ ಸಾಲು, ಇದೇ ಕ್ರಮ.

ಒಂದೆರಡು ಸಲ ಕೇಳಿದ್ದನ್ನು ಹಕ್ಕಿ ಕಲಿಯುವುದಿಲ್ಲ, ಬಹಳ ಸಲ ಕೇಳಿರಬೇಕು ಎನ್ನುತ್ತಾರೆ ಡಾಕ್ಟರಮ್ಮ. ನಿಮ್ಮ ಮನೆಗೆ ಅಷ್ಟು ಸಲ ಬಂದು ಅಕ್ಕಾ ಎಂದು ಕೂಗುವವರು ಯಾರು? ಪಕ್ಕದ ಮನೆಯವರೇ?

ನಿಮ್ಮ,
ಮಂಟಯ್ಯ


ನೆರಳು ಪ್ರಾಣಿಧಾಮ
22 ಸೆಪ್ಟೆಂಬರ್ 2024

ಇಂದ್ರಮ್ಮನವರೇ,

ಆರು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಹುಷಾರಿದ್ದೀರಿ ತಾನೇ? ನಾನೇನಾದರೂ ಬರೆಯಬಾರದ್ದು ಬರೆದೆನೇ? ಫೋನು ಮಾಡಿದೆ, ನೀವು ಎತ್ತಲಿಲ್ಲ. ದಿವಾನ ಚೆನ್ನಾಗಿದ್ದಾನೆ. ನಿಮಗೆ ಏನೂ ಆಗಿಲ್ಲ ಎಂದು ಎರಡು ಸಾಲು ಹಾಕಿ.

ಮಂಟಯ್ಯ


ಲಕ್ಷ್ಮೀಪುರಂ
14 ಅಕ್ಟೋಬರ್ 2024

ಮಂಟಯ್ಯನವರೇ,

ದಸರೆ ಮುಗಿಯಿತು. ಬೀದಿ ಖಾಲಿಯಾಗಿದೆ. ಈಗ ಕೂತು ಬರೆಯುತ್ತಿದ್ದೇನೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಬರೆದೂ ಇಲ್ಲ.

ನನಗೆ ಕಿವಿ ಕೇಳುವುದಿಲ್ಲ.

ಮಗ್ಗದ ಷೆಡ್ಡಿನೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ನೂರು ಮಗ್ಗ ಒಟ್ಟಿಗೆ ಹೊಡೆಯುತ್ತಿದ್ದರೆ ಮೈಯೆಲ್ಲ ನಡುಗುತ್ತದೆ. ಅಲ್ಲಿ ನಾವೆಲ್ಲ ತುಟಿ ನೋಡಿ ಮಾತಾಡುವುದನ್ನು ಕಲಿತಿದ್ದೆವು. ಆ ಗೋಡೆಯ ಹತ್ತಿರ ನಿಂತವಳು ಏನು ಸಾರು ಮಾಡಿದಳು ಎಂದು ಈ ಗೋಡೆಯ ಹತ್ತಿರ ಇದ್ದವಳಿಗೆ ಗೊತ್ತಾಗುತ್ತಿತ್ತು. ಹದಿನೈದು ವರ್ಷವಾಗುವ ಹೊತ್ತಿಗೆ ಹೊರಗೂ ಕಿವಿ ಮಂದವಾಯಿತು. ಕೆಲಸ ಬಿಡುವಷ್ಟರಲ್ಲಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಆದರೆ ಎದುರಿಗೆ ಮುಖವಿದ್ದರೆ ನನಗೆ ಒಂದು ಅಕ್ಷರವೂ ತಪ್ಪುವುದಿಲ್ಲ. ಹಾಗಾಗಿ ಯಾರಿಗೂ ತಿಳಿಯಲಿಲ್ಲ. ತಂಗಿಗೂ ತಿಳಿಯಲಿಲ್ಲ. ಕಿವುಡಿ ಎನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಫೋನು ನಡುಗಿದರೆ ಎತ್ತಿ, ಹೂಂ, ಆಯ್ತು ಎಂದು ಇಟ್ಟುಬಿಡುತ್ತಿದ್ದೆ.

ನಿಮ್ಮ ಆಗಸ್ಟಿನ ಪತ್ರ ಓದಿದ ದಿನ ಕಟ್ಟುತ್ತಿದ್ದ ಕುಚ್ಚನ್ನು ಅರ್ಧಕ್ಕೇ ಬಿಟ್ಟೆ. ಬೀದಿಯವರಿಗೆಲ್ಲ ನಾನು ಆಂಟಿ, ಕಾರ್ಖಾನೆಯವರಿಗೆ ಇಂದ್ರಮ್ಮ. ನನ್ನ ಗೇಟಿನಲ್ಲಿ ನಿಂತು ಅಕ್ಕಾ ಎನ್ನುವವಳು ಈ ಊರಿನಲ್ಲಿ ಒಬ್ಬಳೇ ಇದ್ದಾಳೆ. ದಿವಾನನ ಗೂಡು ಗೇಟಿಗೆ ನಾಲ್ಕು ಮಾರು ದೂರದಲ್ಲಿ, ಪಡಸಾಲೆಯಲ್ಲಿ ತೂಗುತ್ತಿತ್ತು. ಅವಳು ಬಂದಿದ್ದಾಳೆ, ಮಂಟಯ್ಯನವರೇ. ಒಂದು ಸಲ ಅಲ್ಲ. ಹಕ್ಕಿ ಬಾಯಿಪಾಠ ಮಾಡುವಷ್ಟು ಸಲ ಬಂದಿದ್ದಾಳೆ. ಬಂದು, ಕರೆದು, ಹೋಗಲಿ ಬಿಡು ಎಂದು ಹೋಗಿದ್ದಾಳೆ. ನಾನು ಒಳಗೆ ಕುಚ್ಚು ಕಟ್ಟುತ್ತಾ, ನೋಡು ಹಬ್ಬಕ್ಕೂ ಬರಲಿಲ್ಲ ಎಂದು ಅವಳನ್ನು ಬೈದುಕೊಳ್ಳುತ್ತಿದ್ದೆ.

ಮದುವೆಯ ಛತ್ರ ಬದಲಾದದ್ದನ್ನೂ ಅವಳು ಫೋನಿನಲ್ಲಿ ಹೇಳಿರಬೇಕು. ನಾನು ಆಯ್ತು ಎಂದಿರಬೇಕು.

ಎರಡು ವರ್ಷ ದಿವಾನ ನನ್ನ ಕಣ್ಣೆದುರೇ ಕೊಕ್ಕು ಆಡಿಸುತ್ತಿದ್ದ. ಹಸಿವೆಂದು ಬಿಸ್ಕತ್ತು ಕೊಡುತ್ತಿದ್ದೆ. ಕೊಕ್ಕಿಗೆ ತುಟಿ ಇರುವುದಿಲ್ಲವಲ್ಲ.

ಗಂಗೋತ್ರಿ ಕಡೆಯ ಸ್ಪೀಚ್ ಅಂಡ್ ಹಿಯರಿಂಗ್ ಆಸ್ಪತ್ರೆಗೆ ಹೋಗಿ ಬಂದೆ. ಕಿವಿ ಮಿಷನ್ನು ಹಾಕಿದರೆ ಸ್ವಲ್ಪ ಕೇಳುತ್ತದಂತೆ. ಮುಂದಿನ ತಿಂಗಳು ಕೊಡುತ್ತಾರೆ. ನನಗೆ ಹಕ್ಕಿ ವಾಪಸ್ಸು ಬೇಡ. ಆ ದನಿಯನ್ನು ಒಂದು ಸಲ ಕೇಳಲು ಬಿಡಿ. ಅವಳು ಸಿಟ್ಟಿನಲ್ಲಿ ಕರೆದಳೋ, ಅಳುತ್ತಾ ಕರೆದಳೋ ಗೊತ್ತಾಗಬೇಕು. ಅದು ತಿಳಿಯದೆ ಯಾವ ಮುಖ ಹೊತ್ತು ಅವಳ ಬಾಗಿಲಿಗೆ ಹೋಗಲಿ?

ಇಂದ್ರಮ್ಮ


ನೆರಳು ಪ್ರಾಣಿಧಾಮ
3 ನವೆಂಬರ್ 2024

ಇಂದ್ರಮ್ಮನವರೇ,

ನಿಮ್ಮ ಪತ್ರವನ್ನು ರಾಣಿಯ ಲಾಯದಲ್ಲಿ ಕೂತು ಮೂರು ಸಲ ಓದಿದೆ. ನಾನು ಹುಡುಗಾಟಕ್ಕೆ ಕೇಳಿದ ಪ್ರಶ್ನೆ ನಿಮ್ಮ ಎದೆಗೆ ಹೀಗೆ ನಾಟುತ್ತದೆಂದು ತಿಳಿದಿರಲಿಲ್ಲ. ಎರಡು ಸಲ ಫೋನಿಟ್ಟಿರಿ ಎಂದು ಕುಹಕವಾಡಿದ್ದೆ, ಅದಕ್ಕೆ ಕ್ಷಮಿಸಿ.

ಡಾಕ್ಟರಮ್ಮ ಒಪ್ಪಿದ್ದಾರೆ, ಒಂದೇ ಒಂದು ದಿನಕ್ಕೆ. ಡಿಸೆಂಬರಿನಲ್ಲಿ ಅವನನ್ನು ಹಿಂದಿನ ದೊಡ್ಡ ಬಲೆಮನೆಗೆ ಹಾಕುತ್ತಾರೆ. ಅಲ್ಲಿ ಬೇರೆ ಮಟಪಕ್ಷಿಗಳಿವೆ. ನಾವ್ಯಾರೂ ಅವನ ಕಣ್ಣಿಗೆ ಬೀಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಮನುಷ್ಯರನ್ನು ಮರೆತರೆ ಮಾತ್ರ ಹೊರಗೆ ಬದುಕುತ್ತಾನಂತೆ. ಅದಕ್ಕೆ ಮೊದಲು, 24ನೇ ತಾರೀಖು ಭಾನುವಾರ ಬನ್ನಿ. ಬೆಳಿಗ್ಗೆ ಬಂದರೆ ಒಳ್ಳೆಯದು, ಅವನು ಆಗಲೇ ಹೆಚ್ಚು ಕೂಗುವುದು.

ಮಂಟಯ್ಯ


ಲಕ್ಷ್ಮೀಪುರಂ
28 ನವೆಂಬರ್ 2024

ಮಂಟಯ್ಯನವರೇ,

ನಿಮ್ಮ ಸಿಬ್ಬಂದಿಯನ್ನೆಲ್ಲ ಹುಲ್ಲಿನ ರಾಶಿಯಲ್ಲಿ ಮಂಡಿಯೂರಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಸುಮಾರು ಆರು ತಿಂಗಳಾದ ಮೇಲೆ ಕಂಡವಳ ಹೆಗಲ ಮೇಲೆ ಬಂದು ಕೂತವನು ಮೊದಲು ಮಾಡಿದ ಕೆಲಸ ಕಿವಿಯ ಮಿಷನ್ನು ಕಿತ್ತದ್ದು! ಒಂದು ಗಂಟೆ ಹುಡುಕಿದ ಮೇಲೆ ಕುದುರೆಯ ಮೇವಿನ ತೊಟ್ಟಿಯಲ್ಲಿ, ಎರಡು ಕಡಲೆಕಾಯಿ ಬೀಜದ ನಡುವೆ ಸಿಕ್ಕಿತು. ಬೀರಮ್ಮ ನಕ್ಕು ನಕ್ಕು ಕೂತುಬಿಟ್ಟಳು. ನಾನೂ ನಕ್ಕೆ. ಬಹಳ ದಿನವಾಗಿತ್ತು.

ಆದರೆ ಅವನು ಆ ಮಾತನ್ನು ಆಡಲಿಲ್ಲ. ಮಧ್ಯಾಹ್ನದವರೆಗೂ ಕಾದೆ. ರಾಣಿ ಹುಲ್ಲು ಅಗಿಯುವುದು ಕೇಳಿತು, ಬೀರಮ್ಮನ ಬಳೆ ಕೇಳಿತು, ಹಕ್ಕಿಗಳೂ ಕೇಳಿದವು. ಅವನೊಬ್ಬ ನನ್ನ ಕೊರಳಿಗೆ ತಲೆ ಒರಗಿಸಿಕೊಂಡು ಸುಮ್ಮನೆ ಕೂತಿದ್ದ. ನಾನಿದ್ದರೆ ಅವನಿಗೆ ಬೇರೆ ಯಾರನ್ನೂ ಕರೆಯುವುದು ಬೇಕಿಲ್ಲವೇನೋ. ಅವನ ಪ್ರೀತಿಗೆ ನಾನು ಸಿಟ್ಟು ಮಾಡಿಕೊಳ್ಳುವುದು ಹೇಗೆ?

ಬಲೆಮನೆಗೆ ಹಾಕುವುದನ್ನು ಹದಿನೈದು ದಿನ ಮುಂದೂಡಲು ಆಗುತ್ತದೆಯೇ? ಇನ್ನೊಂದು ಸಲ ಬರುತ್ತೇನೆ. ಮರೆಯಲ್ಲಿ ನಿಂತು ಕೇಳುತ್ತೇನೆ.

ಇಂದ್ರಮ್ಮ


ನೆರಳು ಪ್ರಾಣಿಧಾಮ
8 ಡಿಸೆಂಬರ್ 2024

ಇಂದ್ರಮ್ಮನವರೇ,

ನೀವು ಹೋದ ಮಾರನೆಯ ದಿನ ಬೆಳಿಗ್ಗೆ ಅವನು ಐದು ಸಲ ಹೇಳಿದ. ಆಮೇಲೆ ಗೇಟಿನ ಕಡೆಗೇ ಮುಖ ಮಾಡಿ ಎರಡು ದಿನ ಊಟ ಬಿಟ್ಟ. ನಿಮ್ಮನ್ನು ಹುಡುಕುತ್ತಿದ್ದ. ಅದನ್ನು ನೋಡಿ ಡಾಕ್ಟರಮ್ಮ ಒಂದು ದಿನವೂ ತಡ ಮಾಡಲಿಲ್ಲ. ಅವನು ಈಗ ಹಿಂದಿನ ಬಲೆಮನೆಯಲ್ಲಿದ್ದಾನೆ. ನಿಮ್ಮನ್ನು ಕೇಳದೆ ಮಾಡಿದ್ದಕ್ಕೆ ಬೈಯಿರಿ, ಬೈಸಿಕೊಳ್ಳುತ್ತೇನೆ.

ಆ ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ ಎಂದು ಕೇಳಿದ್ದಿರಿ. ನನಗೆ ಕೇಳಿದ್ದು ಸಿಟ್ಟಲ್ಲ. ಆದರೆ ನನ್ನ ಮಾತು ಕಟ್ಟಿಕೊಂಡು ಹೋಗಬೇಡಿ, ನಾನು ಕೇಳಿದ್ದು ಹಕ್ಕಿಯ ಬಾಯಲ್ಲಿ. ಅವನಿಂದ ಇನ್ನು ನಿಮಗೆ ಅದು ಸಿಗುವುದಿಲ್ಲ. ದಿನ ಕಳೆದಂತೆ ಅವನೇ ಮರೆಯುತ್ತಾನೆ. ನಾವು ಬೇಡುತ್ತಿರುವುದೂ ಅದನ್ನೇ.

ಆ ದನಿಯ ಒಡತಿ ಹೂಟಗಳ್ಳಿಯಲ್ಲಿದ್ದಾರೆ. ಬೆಟ್ಟದ ಹಿಂದಕ್ಕೆ ಎರಡು ಬಸ್ಸು ಬದಲಿಸಿ ಬಂದವರಿಗೆ ಅದು ದೂರವಲ್ಲ. ಬಾಗಿಲು ತೆಗೆಯದೆ ಹೋದರೆ ಏನು ಮಾಡಲಿ ಎಂದು ಹೆದರುತ್ತಿದ್ದೀರಿ, ನನಗೆ ಗೊತ್ತು. ತೆಗೆಯದಿದ್ದರೆ ಇನ್ನೊಂದು ಸಲ ಹೋಗಿ. ಅವರು ಎಷ್ಟು ಸಲ ಬಂದರೋ ಅಷ್ಟು ಸಲವಾದರೂ ಹೋಗಿ.

ದೊಡ್ಡ ಮಾತಾಡಿದೆ. ತಪ್ಪಿದ್ದರೆ ಮನ್ನಿಸಿ.

ಮಂಟಯ್ಯ


ಲಕ್ಷ್ಮೀಪುರಂ
20 ಜನವರಿ 2025

ಮಂಟಯ್ಯನವರೇ,

ನಿಮ್ಮ ಪತ್ರಕ್ಕೆ ಸಿಟ್ಟು ಬಂತು, ಇಳಿಯಿತು. ದಿವಾನನನ್ನು ಬಿಡುವ ದಿನವನ್ನು ನನಗೆ ಮುಂಚೆ ತಿಳಿಸಬೇಡಿ. ತಿಳಿದರೆ ಬಂದುಬಿಡುತ್ತೇನೆ. ಬಿಟ್ಟು, ಅವನು ತಿರುಗಿ ನೋಡದೆ ಹೋದ ಮೇಲೆ ಬರೆಯಿರಿ.

ಸಂಕ್ರಾಂತಿಯ ಸಂಜೆ ತಟ್ಟೆಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟುಕೊಂಡು ಹೂಟಗಳ್ಳಿಗೆ ಹೋದೆ. ಎಳ್ಳು ಬೀರಲು ಬಂದವರನ್ನು ಆ ದಿನ ಯಾರೂ ಬಾಗಿಲಿನಿಂದ ಕಳಿಸುವುದಿಲ್ಲ, ಆ ಧೈರ್ಯ. ಬಾಗಿಲು ತೆರೆದೇ ಇತ್ತು. ಪುಟ್ಟಬಸಮ್ಮ, ಅದೇ ನನ್ನ ತಂಗಿ, ನನ್ನನ್ನು ನೋಡಿ ಅಲ್ಲೇ ನಿಂತಳು. ತಟ್ಟೆ ಇಸಿದುಕೊಳ್ಳಲಿಲ್ಲ. ತಲೆ ಪೂರ್ತಿ ನರೆತಿದೆ ಅವಳಿಗೆ.

"ಎಷ್ಟ್ ಸಲ ಬಂದಿದೀನಿ ಗೊತ್ತಾ?" ಎಂದಳು. "ಕಿಟಕೀಲಿ ನಿನ್ ಬೆನ್ನು ಕಾಣ್ತಿತ್ತು. ಬೆಳಕಿಗೆ ಬೆನ್ನು ಕೊಟ್ಕೊಂಡು ಕುಚ್ಚು ಕಟ್ತಾ ಕೂತಿದ್ದೆ. ಕೂಗ್ದೆ, ಚಿಲಕ ಬಡ್ದೆ. ತಿರುಗ್ಲೇ ಇಲ್ಲ ಕಣಕ್ಕ ನೀನು. ಬೇಕೂಂತ್ಲೇ ಕೂತವ್ಳೆ ಅಂದ್ಕೊಂಡು ಬಂದ್ಬುಟ್ಟೆ."

ಒಳಗೆ ಕಾಲಿಟ್ಟು, ನಡುಮನೆಯಲ್ಲಿ ನಿಂತೇ ಎಲ್ಲ ಹೇಳಿದೆ. ಮಗ್ಗ, ಕಿವಿ, ಫೋನು, ಛತ್ರದ ಮೆಟ್ಟಿಲು, ದಿವಾನ. ಅವಳು ನಂಬಲಿಲ್ಲ. ಹಕ್ಕಿಯ ಕಥೆ ಕೇಳಿ ಇನ್ನೂ ಸಿಟ್ಟಾದಳು. ಎದುರಿಗೆ ಕೂತರೆ ನಿನಗೆ ಎಲ್ಲ ಕೇಳುತ್ತದೆ, ಸಣ್ಣ ಮಾತೂ ಕೇಳುತ್ತದೆ, ಈಗ ಹೊಸ ನೆಪ ತಂದಿದ್ದೀಯ ಎಂದಳು. ನಾನು ತಟ್ಟೆಯನ್ನು ನೆಲಕ್ಕಿಟ್ಟೆ. ಕಿವಿಯಿಂದ ಮಿಷನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ. ತಿರುಗಿ, ಅವಳಿಗೆ ಬೆನ್ನು ಮಾಡಿ ನಿಂತೆ.

ಎದುರು ಗೋಡೆಯಲ್ಲಿ ಸಿಂಚನಳ ಮದುವೆಯ ಫೋಟೋ ಇತ್ತು. ಅದನ್ನೇ ನೋಡುತ್ತಾ ನಿಂತೆ. ಪುಟ್ಟಿ ಹಿಂದೆ ಬಂದು ನಿಂತದ್ದು ಗೊತ್ತಾಯಿತು, ಕತ್ತಿನ ಮೇಲೆ ಅವಳ ಉಸಿರು ಬಿಸಿಯಾಗಿ ಬೀಳುತ್ತಿತ್ತು. ಬಹಳ ಹೊತ್ತು ಬಿತ್ತು. ಒಂದೆರಡು ಮಾತಿಗೆ ಅಷ್ಟು ಉಸಿರು ಬೇಕಿಲ್ಲ. ಆಮೇಲೆ ಅವಳ ಕೈ ನನ್ನ ಹೆಗಲನ್ನು ಹಿಡಿದು ತಿರುಗಿಸಿತು.

ಅವಳ ಮುಖವೆಲ್ಲ ಒದ್ದೆಯಾಗಿತ್ತು.

"ಏನಂದೆ?" ಎಂದು ಕೇಳಿದೆ.

"ಒಂದೂ ಕೇಳಿಸ್ಲಿಲ್ವಾ?" ಎಂದಳು. ತುಟಿ ನಡುಗುತ್ತಿದ್ದರಿಂದ ಓದಲು ಕಷ್ಟವಾಯಿತು.

ಇಲ್ಲವೆಂದು ತಲೆಯಾಡಿಸಿದೆ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮಿಷನ್ನನ್ನು ತಾನೇ ನನ್ನ ಕಿವಿಗೆ ಸಿಕ್ಕಿಸಲು ನೋಡಿ, ಬರದೆ, ನನ್ನ ಕೈಗೇ ಕೊಟ್ಟಳು. ನಾನು ಹಾಕಿಕೊಳ್ಳುವವರೆಗೂ ಕಾದು, "ಊಟಕ್ಕೆ ಬಾರಕ್ಕ" ಎಂದಳು.

ಆರು ದಿನವಾಯಿತು. ಬೆನ್ನ ಹಿಂದೆ ಏನಂದೆ ಎಂದು ಸಿಕ್ಕಾಗಲೆಲ್ಲ ಕೇಳುತ್ತೇನೆ. ಹೇಳಲೊಲ್ಲಳು.

ಇಂತಿ ನಿಮ್ಮ,
ಇಂದ್ರಮ್ಮ